ಪುಟ್ಟ ಬೆಕ್ಕುಮೀನುಗಳ ಆರೈಕೆ ಮತ್ತು ಊಟ: ಬೇ ಏರಿಯಾದ ಮನೆಗಳಿಗೊಂದು ಕೈಪಿಡಿ

ಬೇ ಏರಿಯಾದ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ನಾಯಿ ಸಾಕಲು ಅನುಮತಿ ಸಿಗುವುದು ಸುಲಭವಲ್ಲ. ಮಕ್ಕಳು ಹಟ ಹಿಡಿದಾಗ ಕೊನೆಗೆ ರಾಜಿಯಾಗುವುದು ಮೀನಿನ ತೊಟ್ಟಿಗೆ. ಅಂಗಡಿಗೆ ಹೋಗಿ ನಾಲ್ಕು ಬಣ್ಣದ ಮೀನು ಆರಿಸಿಕೊಂಡ ಮೇಲೆ, "ತಳ ಕ್ಲೀನ್ ಮಾಡೋಕೆ ಒಂದೆರಡು ಕ್ಯಾಟ್‌ಫಿಶ್ ಇರಲಿ" ಎಂಬ ಸಲಹೆ ಬರುತ್ತದೆ. ಮೀಸೆ ಹೊತ್ತ ಪುಟ್ಟ ಮೀನು ಮನೆ ಸೇರುತ್ತದೆ. ತಿಂಗಳೊಳಗೆ ಅದು ಸತ್ತು ಮಗುವಿನ ಮುಖ ಸಪ್ಪಗಾದಾಗ, "ಮೀನು ಬದುಕೋದೇ ಅಷ್ಟು ದಿನ ಕಣೋ" ಎಂದು ಸಮಾಧಾನ ಹೇಳುವವರೇ ಹೆಚ್ಚು.

ಇದು ನಿಜವಲ್ಲ. ಸರಿಯಾಗಿ ನೋಡಿಕೊಂಡರೆ ಈ ಮೀನುಗಳು ಐದು ವರ್ಷ ಆರಾಮವಾಗಿ ಬದುಕುತ್ತವೆ, ಹತ್ತು ವರ್ಷ ದಾಟಿದ್ದೂ ಉಂಟು. ಅವು ಬೇಗ ಸಾಯಲು ಮುಖ್ಯ ಕಾರಣಗಳು ಎರಡು. ಉಳಿದ ಮೀನುಗಳ ಎಂಜಲು ತಿಂದು ಬದುಕುತ್ತವೆ ಎಂದುಕೊಂಡು ನಾವು ಅವಕ್ಕೆ ಬೇರೆ ಊಟ ಹಾಕುವುದಿಲ್ಲ. ನಲ್ಲಿ ನೀರನ್ನು ಊರಿನ ಅಭ್ಯಾಸದಂತೆ ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಹಾಗೆಯೇ ಸುರಿಯುತ್ತೇವೆ. ಈ ಎರಡನ್ನು ಸರಿಪಡಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಫ್ರೀಮಾಂಟಿನ ನಮ್ಮ ಮನೆಯ ತೊಟ್ಟಿಯ ಅನುಭವ ಮತ್ತು ಓದಿ ತಿಳಿದದ್ದನ್ನು ಸೇರಿಸಿ, ಕೂಟದ ಗೆಳೆಯರಿಗಾಗಿ ಇಲ್ಲಿ ಬರೆದಿದ್ದೇವೆ.

ಯಾವುದು ಈ ಮೀನು?

ಅಂಗಡಿಗಳಲ್ಲಿ ಸಿಗುವ ಪುಟ್ಟ ಬೆಕ್ಕುಮೀನುಗಳಲ್ಲಿ ಮನೆಗೆ ಅತ್ಯಂತ ಸೂಕ್ತವಾದದ್ದು ಕೋರಿಡೋರಸ್. ಸಾಕುವವರ ಬಾಯಲ್ಲಿ ಬರೀ ಕೋರಿ. (ಮಂಗಳೂರು ಕಡೆಯವರು ಕೋರಿ ಎಂದೊಡನೆ ರೊಟ್ಟಿ ನೆನೆಯಬೇಡಿ, ಇದು ಕೋಳಿಯಲ್ಲ!) ಇದರ ತವರು ದಕ್ಷಿಣ ಅಮೆರಿಕ, ಆಂಡೀಸ್ ಪರ್ವತದ ಪೂರ್ವಕ್ಕಿರುವ ಹೊಳೆ ತೊರೆಗಳು. ಮೈಮೇಲೆ ಸಾಮಾನ್ಯ ಹುರುಪೆ ಇಲ್ಲ, ಬದಲಿಗೆ ಎರಡು ಸಾಲು ಎಲುಬಿನ ಫಲಕಗಳಿವೆ. ಬಾಯಿಯ ಸುತ್ತ ಮೀಸೆಗಳಿದ್ದು, ಅವುಗಳಿಂದ ಮರಳನ್ನು ತಡಕಿ ಹುಳು ಹುಪ್ಪಟೆ ಹುಡುಕುತ್ತದೆ.

ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹಿಸಿದ ಮೀನುಗಳಲ್ಲಿ ಇದರ ಒಂದು ಜಾತಿಯೂ ಇತ್ತು. ಇವತ್ತು ಪೆಪ್ಪರ್ಡ್ ಕೋರಿ ಎಂದು ಮಾರುವ ಮೀನು ಅದೇ. 1842ರಲ್ಲಿ ಲಿಯೊನಾರ್ಡ್ ಜೆನಿನ್ಸ್ ಅದನ್ನು ವಿವರಿಸಿ ಹೆಸರಿಟ್ಟರು. 2024ರಲ್ಲಿ ವಿಜ್ಞಾನಿಗಳು ಕೋರಿಡೋರಸ್ ಕುಲವನ್ನು ಹಲವು ಕುಲಗಳಾಗಿ ಒಡೆದಿದ್ದಾರೆ. ಹಾಗಾಗಿ ಹೊಸ ಬರಹಗಳಲ್ಲಿ ಹಾಪ್ಲಿಸೋಮ, ಆಸ್ಟಿಯೊಗ್ಯಾಸ್ಟರ್, ಗ್ಯಾಸ್ಟ್ರೋಡರ್ಮಸ್ ಎಂಬ ಹೆಸರು ಕಂಡರೆ ಗಾಬರಿ ಬೇಡ. ಮೀನು ಹಳೆಯದೇ.

ಇನ್ನೊಂದು ವಿಶೇಷ: ಕೋರಿ ಆಗಾಗ ಬಾಣದಂತೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಕೆಳಗೆ ಬರುತ್ತದೆ. ಆ ಗಾಳಿಯಲ್ಲಿನ ಆಮ್ಲಜನಕವನ್ನು ಅದರ ಕರುಳು ಹೀರಿಕೊಳ್ಳುತ್ತದೆ. ಅಪರೂಪಕ್ಕೊಮ್ಮೆ ಹೀಗೆ ಮಾಡಿದರೆ ಸಹಜ. ಎಲ್ಲ ಮೀನುಗಳೂ ನಿಮಿಷ ನಿಮಿಷಕ್ಕೆ ಮೇಲೆ ಬರುತ್ತಿದ್ದರೆ ನೀರು ಕೆಟ್ಟಿದೆ ಎಂದೇ ತಿಳಿಯಿರಿ.

ಯಾವುದನ್ನು ತರಬೇಕು?

ಪೆಪ್ಪರ್ಡ್ ಕೋರಿ: ಸುಮಾರು ಎರಡೂವರೆ ಇಂಚು. ತಂಪು ನೀರೇ ಇಷ್ಟ, 64ರಿಂದ 73 ಡಿಗ್ರಿ ಫ್ಯಾರನ್‌ಹೀಟ್ (18ರಿಂದ 23 ಸೆಲ್ಸಿಯಸ್). ಹೀಟರ್ ಹಾಕದ ಬೇ ಏರಿಯಾ ಮನೆಗೆ ಹೇಳಿ ಮಾಡಿಸಿದಂತಿದೆ.

ಬ್ರಾಂಝ್ ಕೋರಿ: ಅದೇ ಗಾತ್ರ, 72ರಿಂದ 79 ಡಿಗ್ರಿ (22ರಿಂದ 26 ಸೆಲ್ಸಿಯಸ್). ಗಟ್ಟಿ ಮೀನು, ಹೊಸಬರಿಗೆ ಒಳ್ಳೆಯದು. ಬಿಳಿ ಮೈ, ಕೆಂಪು ಕಣ್ಣಿನ ಆಲ್ಬಿನೊ ಕೋರಿ ಹೆಚ್ಚಾಗಿ ಇದರದೇ ತಳಿ.

ಪಾಂಡಾ ಕೋರಿ: ಎರಡು ಇಂಚು, 68ರಿಂದ 77 ಡಿಗ್ರಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ. ಮಕ್ಕಳಿಗೆ ಅಚ್ಚುಮೆಚ್ಚು, ಆದರೆ ಹೊಸ ತೊಟ್ಟಿಯಲ್ಲಿ ಬೇಗ ಸೋಲುತ್ತದೆ. ಆರು ತಿಂಗಳು ಹಳೆಯದಾದ ತೊಟ್ಟಿಗೆ ತನ್ನಿ.

ಸ್ಟೆರ್ಬಾಯ್ ಕೋರಿ: 75ರಿಂದ 82 ಡಿಗ್ರಿ. ಬೆಚ್ಚನೆಯ ತೊಟ್ಟಿ ಇಟ್ಟವರಿಗೆ ಇದು ಸರಿ.

ಪಿಗ್ಮಿ ಕೋರಿ: ಒಂದೇ ಇಂಚು. ತಳದಲ್ಲಷ್ಟೇ ಕೂರದೆ ನಡುನೀರಿನಲ್ಲೂ ಗುಂಪಾಗಿ ಈಜುತ್ತದೆ. 10 ಗ್ಯಾಲನ್ ತೊಟ್ಟಿಗೆ ಎಂಟು ಹತ್ತು ಸಾಕು.

ಯಾವುದೇ ಜಾತಿಯಾದರೂ ಒಂದೇ ಜಾತಿಯ ಆರು ಮೀನು ಒಟ್ಟಿಗಿರಲಿ. ಕೋರಿ ಗುಂಪಿನ ಪ್ರಾಣಿ. ಒಂಟಿ ಕೋರಿ ಮೂಲೆ ಸೇರಿ ಊಟವನ್ನೂ ಬಿಡುತ್ತದೆ. ಜೊತೆಗೆ ನಿಯಾನ್ ಟೆಟ್ರಾ, ಎಂಬರ್ ಟೆಟ್ರಾದಂಥ ಸಾಧು ಮೀನುಗಳು ಹೊಂದುತ್ತವೆ. ಗೋಲ್ಡ್‌ಫಿಶ್ ಮತ್ತು ದೊಡ್ಡ ಸಿಕ್ಲಿಡ್‌ಗಳ ಜೊತೆ ಬೇಡ. ಕೋರಿಯ ರೆಕ್ಕೆಯ ಮುಳ್ಳು ನುಂಗಿದ ಮೀನಿನ ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯುತ್ತವೆ. ಇದೇ ಮುಳ್ಳು ಬಲೆಗೂ ಸಿಕ್ಕಿಕೊಳ್ಳುವುದರಿಂದ ಕೋರಿಯನ್ನು ಪ್ಲಾಸ್ಟಿಕ್ ಲೋಟದಲ್ಲಿ ಹಿಡಿಯುವುದು ಒಳ್ಳೆಯದು.

ಯಾವುದನ್ನು ತರಬಾರದು?

ಅಂಗಡಿಯಲ್ಲಿ ಮೂರು ಇಂಚಿರುವ ಎಲ್ಲ ಬೆಕ್ಕುಮೀನೂ ಮೂರು ಇಂಚಿನಲ್ಲೇ ನಿಲ್ಲುವುದಿಲ್ಲ. ಸಾಮಾನ್ಯ ಪ್ಲೆಕೊ ಒಂದು ಅಡಿ ದಾಟುತ್ತದೆ. ಇರಿಡೆಸೆಂಟ್ ಶಾರ್ಕ್ ಎಂದು ಮಾರುವ ಪಂಗಾಸಿಯಸ್ ಮತ್ತು ರೆಡ್‌ಟೇಲ್ ಕ್ಯಾಟ್‌ಫಿಶ್ ಮೂರು ಅಡಿಗೂ ಮೀರಿ ಬೆಳೆಯುತ್ತವೆ. ಬೆಳೆದ ಬೆಕ್ಕುಮೀನು ಎಷ್ಟು ದೊಡ್ಡದೆಂದು ಮಕ್ಕಳಿಗೆ ತೋರಿಸಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಸ್ಟೈನ್‌ಹಾರ್ಟ್ ಅಕ್ವೇರಿಯಂಗೆ ಕರೆದೊಯ್ಯಿರಿ. ಅಲ್ಲಿ ಅಮೆಜಾನ್ ಕಾಡಿನ ನೆರೆಯನ್ನು ತೋರಿಸುವ ತೊಟ್ಟಿಯ ಅಡಿಯಲ್ಲೇ ನಡೆದು ಹೋಗಬಹುದು.

ಮಲೆನಾಡಿನವರಿಗೆ ಮುರುಗೋಡು, ಚೇಳುಮೀನು ನೆನಪಾಗಬಹುದು. ಅವೂ ಬೆಕ್ಕುಮೀನುಗಳೇ. ಆದರೆ ಈ ಎರಡು ಗುಂಪಿನ ಮೀನುಗಳನ್ನೂ ಕ್ಯಾಲಿಫೋರ್ನಿಯಾ ನಿರ್ಬಂಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಪರವಾನಗಿ ಇಲ್ಲದೆ ಜೀವಂತ ತರುವುದೂ ಸಾಕುವುದೂ ಅಪರಾಧ. ಗಾಳಿ ಉಸಿರಾಡಿ ಎಂಥ ಕೆಸರಿನಲ್ಲೂ ಬದುಕುವ ಇವು ಇಲ್ಲಿನ ಹಳ್ಳಕ್ಕೆ ಸೇರಿದರೆ ಸ್ಥಳೀಯ ಮೀನುಗಳಿಗೆ ಉಳಿಗಾಲವಿಲ್ಲ.

ತೊಟ್ಟಿ ಮತ್ತು ತಳ

ಆರು ಕೋರಿಗೆ 20 ಗ್ಯಾಲನ್ (ಸುಮಾರು 75 ಲೀಟರ್) ತೊಟ್ಟಿ ಬೇಕು. ಎತ್ತರದ್ದಕ್ಕಿಂತ ಉದ್ದದ್ದು ಮೇಲು, ಏಕೆಂದರೆ ಈ ಮೀನಿಗೆ ಬೇಕಾದ್ದು ನೆಲದ ಜಾಗ. ತಳಕ್ಕೆ ನುಣುಪಾದ ಸಣ್ಣ ಮರಳು ಹಾಕಿ. ಕೋರಿ ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಹೊರಬಿಡುತ್ತ ಊಟ ಹುಡುಕುತ್ತದೆ. ಚೂಪಾದ ಜಲ್ಲಿ ಹಾಕಿದರೆ ಅದಕ್ಕೆ ಈ ಕೆಲಸ ಸಾಧ್ಯವಿಲ್ಲ. ಜಲ್ಲಿಯ ಸಂದಿಯಲ್ಲಿ ಸಿಕ್ಕ ಊಟ ಕೊಳೆತು ಮೀಸೆಗಳು ಸವೆಯುತ್ತವೆ. ಮೀಸೆ ಗಿಡ್ಡವಾಗುತ್ತಿದ್ದರೆ ತಳ ಗಲೀಜಾಗಿದೆ ಎಂದರ್ಥ.

ಒಂದೆರಡು ಮರದ ಬೇರು, ನೆರಳು ಕೊಡುವ ಗಿಡ, ಒಂದು ಫಿಲ್ಟರ್, ಜಾತಿಗೆ ಬೇಕಾದರೆ ಹೀಟರ್. ಇಷ್ಟು ಸಾಕು.

ನಮ್ಮ ನಲ್ಲಿ ನೀರಿನ ಕಥೆ

ಊರಿನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂದು ಕೇಳಿರುತ್ತೀರಿ. ಅಲ್ಲಿ ಅದು ಸರಿ. ಇಲ್ಲಿ ನಡೆಯುವುದಿಲ್ಲ. ಈಸ್ಟ್ ಬೇಯ ನೀರು ಸಂಸ್ಥೆಯಾದ ಈಬಿಮಡ್ 1998ರಿಂದ, ಸ್ಯಾನ್ ಫ್ರಾನ್ಸಿಸ್ಕೋ ನೀರು ಸಂಸ್ಥೆ 2004ರ ಫೆಬ್ರವರಿಯಿಂದ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಿವೆ. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ಇದು ಬಕೆಟ್ಟಿನಲ್ಲಿ ಒಂದೆರಡು ದಿನ ಇಟ್ಟರೆ ಹೋಗುವಂಥದ್ದಲ್ಲ. ಮೀನಿನ ಕಿವಿರಿನ ಮೂಲಕ ನೇರ ರಕ್ತ ಸೇರುತ್ತದೆ. ನಮಗೆ ಕುಡಿಯಲು ಸುರಕ್ಷಿತ, ಮೀನಿಗೆ ವಿಷ.

ಹಾಗಾಗಿ ನೀರು ಹದಗೊಳಿಸುವ ದ್ರಾವಣ, ಅಂದರೆ ವಾಟರ್ ಕಂಡಿಷನರ್, ಕಡ್ಡಾಯ. ಸೀಸೆಯ ಮೇಲೆ ಕ್ಲೋರಿನ್ ಎಂದಷ್ಟೇ ಇದ್ದರೆ ಸಾಲದು, ಕ್ಲೋರಮೈನ್ ಮತ್ತು ಅಮೋನಿಯಾ ಎಂದೂ ಬರೆದಿರಬೇಕು. ಕಾರಣ ಹೀಗಿದೆ: ಕ್ಲೋರಮೈನ್ ಒಡೆದಾಗ ಅದರಲ್ಲಿದ್ದ ಅಮೋನಿಯಾ ನೀರಿನಲ್ಲೇ ಉಳಿಯುತ್ತದೆ. ಆ ಅಮೋನಿಯಾ ಎಷ್ಟು ಅಪಾಯಕಾರಿ ಎಂಬುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದ ಶೇಕಡಾ 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. 8 ಇದ್ದರೆ ಸುಮಾರು 5, 9 ಇದ್ದರೆ ಸುಮಾರು 35.

ಈಗ ನಿಮ್ಮ ಊರಿನ ನೀರು ಯಾವುದು ನೋಡಿ. ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದ ನೀರು ಸ್ಯಾನ್ ಫ್ರಾನ್ಸಿಸ್ಕೋ, ಪಾಲೊ ಆಲ್ಟೊ, ಹೇವರ್ಡ್ ಕಡೆ ಬರುತ್ತದೆ. ಇದು ಬಹಳ ಮೆದು ನೀರು. ಪೈಪುಗಳು ತುಕ್ಕು ಹಿಡಿಯದಿರಲಿ ಎಂದು ಇದರ ಪಿಎಚ್ ಅನ್ನು 8ಕ್ಕಿಂತ ಮೇಲೆ ಏರಿಸಿರುತ್ತಾರೆ. ಅಂದರೆ ನಲ್ಲಿಯಿಂದ ಬಂದ ಕ್ಷಣದಲ್ಲಿ ಅಮೋನಿಯಾದ ಅಪಾಯ ಹೆಚ್ಚು. ಇನ್ನೊಂದೆಡೆ, ಈ ನೀರಿಗೆ ಪಿಎಚ್ ಹಿಡಿದಿಡುವ ಶಕ್ತಿ ಕಡಿಮೆ, ತಿಂಗಳುಗಟ್ಟಲೆ ನೀರು ಬದಲಿಸದಿದ್ದರೆ ತೊಟ್ಟಿಯಲ್ಲಿ ಪಿಎಚ್ ತಟಕ್ಕನೆ ಕುಸಿಯುತ್ತದೆ. ಸ್ಯಾನ್ ಹೋಸೆ ಸುತ್ತ ಅಂತರ್ಜಲ ಬರುವ ಕಡೆ ಗಡಸು ನೀರು. ಫ್ರೀಮಾಂಟಿನಲ್ಲಿ ಬೆರಕೆ. ಪ್ರತಿ ನೀರು ಸಂಸ್ಥೆಯೂ ವರ್ಷಕ್ಕೊಮ್ಮೆ ಗುಣಮಟ್ಟದ ವರದಿ ಪ್ರಕಟಿಸಲೇಬೇಕು. ಅದನ್ನು ತೆಗೆದು ಕ್ಲೋರಮೈನ್, ಪಿಎಚ್, ಗಡಸುತನ ಈ ಮೂರು ಸಾಲು ಓದಿಕೊಳ್ಳಿ. ಅಂಗಡಿಯಲ್ಲಿ ಬೆಳೆದ ಕೋರಿಗಳು ಮೆದು ನೀರಿಗೂ ಗಡಸು ನೀರಿಗೂ ಹೊಂದಿಕೊಳ್ಳುತ್ತವೆ. ಅವಕ್ಕೆ ಆಗದಿರುವುದು ದಿಢೀರ್ ಬದಲಾವಣೆ. ಪಿಎಚ್ ಏರಿಸುವ, ಇಳಿಸುವ ಪುಡಿಗಳ ಗೋಜಿಗೆ ಹೋಗಬೇಡಿ.

ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಮೊಸರಿಗೆ ಹೆಪ್ಪು ಬೇಕಾದ ಹಾಗೆ ತೊಟ್ಟಿಗೂ ಬೇಕು. ಮೀನಿನ ಮಲ ಮತ್ತು ಉಳಿದ ಊಟದಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯರ ಹಳೆಯ ತೊಟ್ಟಿಯಿಂದ ಒಂದು ಸ್ಪಂಜು ತಂದು ಹೆಪ್ಪು ಹಾಕಿದರೆ ಬೇಗ ಆಗುತ್ತದೆ.

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಂದು ಇಟ್ಟುಕೊಳ್ಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಅಷ್ಟಿಷ್ಟು ಎಂದು ತೋರಿಸಿದ ಮೇಲೆ ಮೀನು ತನ್ನಿ. ನಮ್ಮ ಮನೆಯಲ್ಲಿ ಪ್ರತಿ ವಾರದ ಅಂಕಿಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುತ್ತೇವೆ. ಸಾಫ್ಟ್‌ವೇರಿನವರ ಚಟ ಅನ್ನಿ! ಆದರೆ ತೊಂದರೆ ಬಂದಾಗ ಅದೇ ದಾರಿ ತೋರಿಸುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನೀರು, ಊಟ, ಔಷಧಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಊಟ

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳಿಗೆ ಮಂಡಕ್ಕಿ ಎರಚಿ ಬೆಳೆದವರು ನಾವು. ಹರಿಯುವ ಹೊಳೆಗೆ ಅದು ಹೇಗೋ ನಡೆದೀತು. 20 ಗ್ಯಾಲನ್ ನಿಂತ ನೀರಿನಲ್ಲಿ ಮಂಡಕ್ಕಿ, ಅನ್ನ, ಬ್ರೆಡ್ ಯಾವುದೂ ಬೇಡ. ಒಂದೇ ರಾತ್ರಿಯಲ್ಲಿ ನೀರು ಕೆಡುತ್ತದೆ.

ಮೇಲೆ ತೇಲುವ ಫ್ಲೇಕ್ಸ್ ಹಾಕಿದರೆ ಟೆಟ್ರಾಗಳೇ ಮುಗಿಸುತ್ತವೆ. ಕೋರಿಗೆ ಮುಳುಗುವ ಪೆಲೆಟ್ ಅಥವಾ ವೇಫರ್ ಬೇಕು. ಡಬ್ಬಿ ತಿರುಗಿಸಿ ಮೊದಲ ಪದಾರ್ಥ ನೋಡಿ. ಮೀನು, ಸಿಗಡಿ, ಕ್ರಿಲ್ ಅಥವಾ ಹುಳು ಇರಬೇಕು, ಗೋಧಿ ಅಲ್ಲ. ಪಾಚಿಯ ವೇಫರ್ ಪ್ಲೆಕೊಗೆ ಆದೀತು, ಕೋರಿಗೆ ಅದೊಂದೇ ಸಾಲದು. ಸೌತೆಕಾಯಿ ಹೋಳಿನಿಂದಲೂ ಹೊಟ್ಟೆ ತುಂಬುವುದಿಲ್ಲ.

ಪ್ರಮಾಣ: ಆರು ಕೋರಿಗೆ ದಿನಕ್ಕೊಮ್ಮೆ ಒಂದೋ ಎರಡೋ ಸಣ್ಣ ವೇಫರ್ ಮುರಿದು ಎರಡು ಮೂರು ಕಡೆ ಹಾಕಿ. ಹೊತ್ತು: ದೀಪ ಆರಿಸುವ ಹೊತ್ತಿಗೆ, ಉಳಿದ ಮೀನುಗಳು ಸುಮ್ಮನಾದ ಮೇಲೆ. ಒಂದೆರಡು ಗಂಟೆಯ ಬಳಿಕ ಉಳಿದದ್ದನ್ನು ತೆಗೆಯಿರಿ. ವಾರಕ್ಕೆ ಒಂದು ದಿನ ಉಪವಾಸ ಮಾಡಿಸಿದರೆ ನಷ್ಟವಿಲ್ಲ, ಏಕಾದಶಿ ಎಂದುಕೊಳ್ಳಿ.

ವಾರಕ್ಕೆ ಒಂದೆರಡು ಸಲ ಫ್ರೋಜನ್ ಬ್ಲಡ್‌ವರ್ಮ್, ಡ್ಯಾಫ್ನಿಯಾ ಅಥವಾ ಬ್ರೈನ್ ಶ್ರಿಂಪ್ ಕೊಟ್ಟರೆ ಮೀನು ಮೈತುಂಬಿಕೊಳ್ಳುತ್ತದೆ. ಬ್ರೈನ್ ಶ್ರಿಂಪ್ ನಮ್ಮ ನೆರೆಮನೆಯದೇ. ಅಮೆರಿಕದ ಈ ಜಾತಿಯ ವೈಜ್ಞಾನಿಕ ಹೆಸರೇ ಆರ್ಟೀಮಿಯಾ ಫ್ರಾನ್ಸಿಸ್ಕಾನ. ಡಂಬಾರ್ಟನ್ ಸೇತುವೆ ದಾಟುವಾಗ ಕಾಣುವ ಉಪ್ಪಿನ ಮಡುಗಳಂಥ ಕಡೆ ಬೆಳೆಯುತ್ತದೆ. ಬ್ಲಡ್‌ವರ್ಮ್ ಕೆಲವರಿಗೆ ಅಲರ್ಜಿ ತರುತ್ತದೆ, ಬರಿಗೈಲಿ ಮುಟ್ಟಬೇಡಿ.

ನಮ್ಮಲ್ಲಿ ಅನೇಕರ ಮನೆ ಸಸ್ಯಾಹಾರಿ. ಫ್ರೀಜರಿನಲ್ಲಿ ತೆಂಗಿನ ತುರಿಯ ಪಕ್ಕ ಹುಳುಗಳ ಪೊಟ್ಟಣ ಇಡಲು ಅಜ್ಜಿ ಅಮ್ಮಂದಿರು ಒಪ್ಪಲಾರರು. ಅಂಥವರು ಒಣ ಪೆಲೆಟ್ ಮಾತ್ರ ಹಾಕಿಯೂ ಕೋರಿಯನ್ನು ಚೆನ್ನಾಗಿ ಸಾಕಬಹುದು. ಡಬ್ಬಿ, ಚಮಚ ಬೇರೆ ಇಟ್ಟು ಅಡುಗೆಮನೆಯಿಂದ ದೂರವಿಡಿ. ಆದರೆ ಆ ಪೆಲೆಟ್ಟಿನಲ್ಲೂ ಇರುವುದು ಮೀನು, ಹುಳುಗಳೇ. ಕೋರಿಯನ್ನು ಸಸ್ಯಾಹಾರಿ ಮಾಡಲು ಬರುವುದಿಲ್ಲ. ಅದು ಒಪ್ಪಿಗೆಯಾಗದಿದ್ದರೆ ಈ ಮೀನು ತರದಿರುವುದೇ ಒಳ್ಳೆಯದು.

ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ, ಅಂದರೆ ಒಂದು 5 ಗ್ಯಾಲನ್ ಬಕೆಟ್ ನೀರು ಬದಲಿಸಿ. ಸೋಪು ಕಾಣದ ಬಕೆಟ್ ಒಂದನ್ನು ಇದಕ್ಕೇ ಮೀಸಲಿಡಿ. ಕಂಡಿಷನರ್ ಬೆರೆಸಿ, ಬಿಸಿ ತೊಟ್ಟಿಗೆ ಹೊಂದಿಸಿ ನಿಧಾನ ಸುರಿಯಿರಿ. ನಲ್ಲಿಯಿಂದ ಪೈಪಿನಲ್ಲಿ ನೇರ ತುಂಬುವವರು ಇಡೀ ತೊಟ್ಟಿಯ ಲೆಕ್ಕಕ್ಕೆ ಕಂಡಿಷನರ್ ಹಾಕಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಆ ನೀರು ಕರಿಬೇವಿಗೆ, ಮಲ್ಲಿಗೆ ಕುಂಡಕ್ಕೆ ಒಳ್ಳೆಯ ಗೊಬ್ಬರ. ಬರಗಾಲದ ರಾಜ್ಯದಲ್ಲಿ ಚರಂಡಿಗೇಕೆ?

ಏರ್ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಹಾಗಾಗಿ ದೇವರ ಕೋಣೆಯ ಊದುಬತ್ತಿ, ಒಗ್ಗರಣೆಯ ಹೊಗೆ, ಜಿರಳೆ ಸ್ಪ್ರೇ ಇವುಗಳಿಂದ ತೊಟ್ಟಿಯನ್ನು ದೂರ ಇಡಿ. ಹೊಸ ಮೀನು ತಂದರೆ ಎರಡರಿಂದ ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಬಿಡಿ.

ಸೆಕೆ, ಕರೆಂಟು, ಭೂಕಂಪ

2022ರ ಸೆಪ್ಟೆಂಬರ್ 6ರಂದು ಸ್ಯಾನ್ ಹೋಸೆಯಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು. ಇಲ್ಲಿ ಎಷ್ಟೋ ಮನೆಗಳಿಗೆ ಎ.ಸಿ. ಇಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥ ದಿನ ತೊಟ್ಟಿಯ ಮುಚ್ಚಳ ತೆರೆದು ಜಾಳಿಗೆ ಹಾಕಿ, ನೀರಿನ ಮೇಲೆ ಫ್ಯಾನ್ ಬೀಸಲಿ, ಏರ್ ಪಂಪ್ ಓಡಲಿ. ಮಂಜುಗಡ್ಡೆ ಕಟ್ಟಿದ ಮುಚ್ಚಿದ ಬಾಟಲಿಯನ್ನು ತೇಲಿಬಿಡಬಹುದು, ಆದರೆ ಒಂದೇ ಏಟಿಗೆ ತಂಪು ಮಾಡಬೇಡಿ.

2019ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಭಯದಿಂದ ಪಿಜಿ ಆ್ಯಂಡ್ ಇ ದಿನಗಟ್ಟಲೆ ಕರೆಂಟು ತೆಗೆದದ್ದು ನೆನಪಿರಬಹುದು. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟು ಇಲ್ಲದಾಗ ಊಟ ಹಾಕಬೇಡಿ. ಗಂಟೆಗಟ್ಟಲೆ ನಿಂತ ಫಿಲ್ಟರನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ ಆಮೇಲೆ ಚಾಲೂ ಮಾಡಿ.

20 ಗ್ಯಾಲನ್ ತೊಟ್ಟಿ ಮರಳು, ಗಾಜು ಸೇರಿ ಸುಮಾರು 100 ಕಿಲೋ ತೂಗುತ್ತದೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪ ಕಂಡ ಪ್ರದೇಶವಿದು. ಪುಸ್ತಕದ ಕಪಾಟಿನ ಮೇಲೆ ಇಡದೆ ಇದಕ್ಕೆಂದೇ ಮಾಡಿದ ಸ್ಟ್ಯಾಂಡ್ ತಂದು ಗೋಡೆಗೆ ಬಿಗಿಯಿರಿ. ಮಕ್ಕಳ ಹಾಸಿಗೆಯ ಪಕ್ಕ ಬೇಡ. ಬಾಡಿಗೆ ಕರಾರಿನಲ್ಲಿ ಅಕ್ವೇರಿಯಂ ಬಗ್ಗೆ ಏನಿದೆ ಎಂದೂ ಒಮ್ಮೆ ಓದಿ.

ಊರಿಗೆ ಹೋದಾಗ

ನಮ್ಮವರ ತೊಟ್ಟಿಗಳಿಗೆ ನಿಜವಾದ ಪರೀಕ್ಷೆ ಇದೇ. ಬೇಸಿಗೆ ರಜೆಗೋ ಡಿಸೆಂಬರಿಗೋ ನಾಲ್ಕೈದು ವಾರ ಬೆಂಗಳೂರಿಗೆ ಹೋದಾಗ ಮೀನಿನ ಗತಿಯೇನು?

ಆರೋಗ್ಯವಾಗಿರುವ ದೊಡ್ಡ ಕೋರಿ ಒಂದು ವಾರ ಊಟವಿಲ್ಲದೆ ಇರಬಲ್ಲದು. ಅದಕ್ಕೂ ಹೆಚ್ಚಾದರೆ ಗೆಳೆಯರ ಸಹಾಯ ಬೇಕು. ಕರಗುವ ವೆಕೇಷನ್ ಬ್ಲಾಕುಗಳು ನೀರು ಕೆಡಿಸುತ್ತವೆ. ಮೀನು ಸಾಕಿ ಗೊತ್ತಿಲ್ಲದವರು ಪ್ರೀತಿಯಿಂದ ಹೆಚ್ಚು ಊಟ ಹಾಕಿಬಿಡುತ್ತಾರೆ, ಉಪವಾಸಕ್ಕಿಂತ ಅದೇ ಅಪಾಯ. ಇದಕ್ಕೊಂದು ಸುಲಭ ಉಪಾಯ: ಮಾತ್ರೆ ಇಡುವ ಏಳು ಖಾನೆಯ ಡಬ್ಬಿಯಲ್ಲಿ ಒಂದೊಂದು ಹೊತ್ತಿನ ಊಟ ಅಳೆದಿಟ್ಟು, ಉಳಿದ ಡಬ್ಬಿಯನ್ನು ಬಚ್ಚಿಡಿ. ವಾರಕ್ಕೆ ಎರಡು ಖಾನೆ ಖಾಲಿ ಮಾಡಿದರೆ ಸಾಕು. ಎರಡು ವಾರಕ್ಕೊಮ್ಮೆ ಬದಲಿಸಬೇಕಾದ ನೀರು, ಹಾಕಬೇಕಾದ ಕಂಡಿಷನರ್ ಎಷ್ಟೆಂದು ಚೀಟಿ ಬರೆದು ತೊಟ್ಟಿಗೇ ಅಂಟಿಸಿ. ಹೊರಡುವ ವಾರದಲ್ಲಿ ಹೊಸ ಮೀನು, ಹೊಸ ಫಿಲ್ಟರ್ ಯಾವುದೂ ಬೇಡ. ನಮ್ಮ ಕೂಟದ ಹೈಸ್ಕೂಲು ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರಿಗೂ ಖುಷಿ, ನಮಗೂ ನಿಶ್ಚಿಂತೆ.

ಮೊಟ್ಟೆ ಇಟ್ಟರೆ

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಗದ್ದೆ ಬಯಲಿಗೆ ಏರಿ ಬರುವುದು ಗೊತ್ತಿರಬಹುದು. ಹೊಸ ನೀರು, ತಂಪು ನೀರು ಬಂತೆಂದರೆ ಮರಿ ಮಾಡುವ ಕಾಲ. ಕೋರಿಯ ಮೈಯಲ್ಲೂ ಇದೇ ಗಡಿಯಾರವಿದೆ. ಚೆನ್ನಾಗಿ ತಿಂದ ಪೆಪ್ಪರ್ಡ್ ಅಥವಾ ಬ್ರಾಂಝ್ ಕೋರಿಗಳಿಗೆ ಎರಡು ಮೂರು ಡಿಗ್ರಿ ತಂಪಾದ ನೀರು ಬದಲಿಸಿದರೆ ಮರುದಿನ ಗಾಜಿಗೆ ಮೊಟ್ಟೆ ಅಂಟಿರಬಹುದು. ಹೆಣ್ಣು ತನ್ನ ಹೊಟ್ಟೆಯ ರೆಕ್ಕೆಗಳನ್ನು ಬೊಗಸೆ ಮಾಡಿ ಮೊಟ್ಟೆ ಹೊತ್ತೊಯ್ದು ಅಂಟಿಸುತ್ತದೆ. ದೊಡ್ಡ ಮೀನುಗಳು ಮೊಟ್ಟೆ ತಿನ್ನುವುದರಿಂದ ಮೆಲ್ಲಗೆ ತೆಗೆದು ಬೇರೆ ಡಬ್ಬಿಯಲ್ಲಿ, ಅದೇ ತೊಟ್ಟಿಯ ನೀರಿನಲ್ಲಿ, ಗಾಳಿ ಗುಳ್ಳೆಯ ಪಕ್ಕ ಇಡಿ. ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಮತ್ತೆರಡು ಮೂರು ದಿನ ಬಿಟ್ಟು ಆಗತಾನೆ ಒಡೆದ ಬ್ರೈನ್ ಶ್ರಿಂಪ್ ಕೊಡಿ.

ಬೇಡವಾದರೆ

ಕೆಲಸ ಬದಲಾಗಿ ಊರು ಬಿಡಬೇಕಾಯಿತು, ಮೀನು ಹೆಚ್ಚಾಯಿತು ಎಂದು ಕಯೋಟಿ ಕ್ರೀಕಿಗೋ ಅಲಮೇಡ ಕ್ರೀಕಿಗೋ ಬಿಡಬೇಡಿ. ಕಾನೂನಿಗೆ ವಿರುದ್ಧ, ಆ ಹಳ್ಳದ ಜೀವಿಗಳಿಗೂ ಕೆಡುಕು. ಅಂಗಡಿಯವರು ಕೆಲವೊಮ್ಮೆ ವಾಪಸು ಪಡೆಯುತ್ತಾರೆ. ಇಲ್ಲವಾದರೆ ಕೂಟದಲ್ಲಿ ಕೇಳಿ, ಮತ್ತೊಂದು ಕನ್ನಡ ಮನೆಯ ತೊಟ್ಟಿ ಸಿಕ್ಕೇ ಸಿಗುತ್ತದೆ.

ಒಟ್ಟಿನಲ್ಲಿ ಹೇಳುವುದಿಷ್ಟು: ಆರು ಮೀನು, ನುಣುಪು ಮರಳು, ಹದ ಮಾಡಿದ ನೀರು, ಅವುಗಳದೇ ಆದ ಮುಳುಗುವ ಊಟ. ಇಷ್ಟು ಕೊಟ್ಟರೆ ಎರಡನೇ ತರಗತಿಯ ಮಗು ಹೆಸರಿಟ್ಟ ಕೋರಿಯನ್ನು ಅದೇ ಮಗು ಹೈಸ್ಕೂಲು ಸೇರುವವರೆಗೂ ನೋಡಬಹುದು.